ಕೂಸು ಕಾಣವಲ್ದು ಅಂದ್ರ ಅಪೌಷ್ಟಿಕತೆ ಅಂತ್ರಿ

ರಾಯಚೂರಾಗ ಒಂದು ಚಿತ್ರಕಲಾ ಪ್ರದರ್ಶನ ಇಟ್ಟಿದ್ರು, ಹೊರಗ ಬಿಸಿಲು ಅಂದ್ರ ಕೇಳಬ್ಯಾಡ್ರಿ, ಹಂಗಾಗಿ ಕಲೆಗಿಂತ ಎಸಿ ಸಲುವಾಗಿ ಒಳಗ ಬಂದ ಮಂದಿನೇ ಜಾಸ್ತಿ. ನಡುವಿನ ಗ್ವಾಡಿಗೆ 'ತಾಯಿ ಮತ್ತು ಮಗು' ಅಂತ ಒಂದು ಮಾಡರ್ನ್ ಆರ್ಟು. ಬೂದಿ ಬಣ್ಣ ಬಳದು ಅದರ ಮ್ಯಾಲೆ ಎರಡು ನೀಲಿ ಗೆರಿ, ನಡುವ ಒಂದು ಕೆಂಪು ತ್ರಿಕೋನ, ಕೆಳಗ ಮೂಲ್ಯಾಗ ದುಂಡಗ ಒಂದೀಟು ಹಳದಿ. ಮುಗೀತು.

ಇದ್ರಾಗ ತಾಯಿನೂ ಇಲ್ಲ ಕೂಸೂ ಇಲ್ಲ ಅಂತ ಯಾರರ ಅಂದ್ರೇನ್ರಿ, ಊಹೂಂ. ಉದ್ಘಾಟನೆಗೆ ಬಂದಿದ್ದ ಲೀಡರ್ ಮೈಕ್ ಹಿಡದು, ನೀಲಿ ಗೆರಿ ಕೃಷ್ಣಾ ತುಂಗಭದ್ರಾ, ನಡುವ ಇರೋ ತಾಯಿ ಎರಡು ನದಿ ನಡುವಿನ ನೆಲ, ನಮ್ಮ ದೋಆಬ್, ಬರಲಾರದ ಮಗು ನಮ್ಮ ಏಮ್ಸ್ ದವಾಖಾನಿ ಅಂದ್ರು. ಚಪ್ಪಾಳೆನೋ ಚಪ್ಪಾಳೆ. 2022ರಾಗ ಏಮ್ಸ್ ಸಲುವಾಗಿ ಧರಣಿ ಕುಂತವರಿಗೆ ಕಡಿಗೂ ಗ್ವಾಡಿ ಮ್ಯಾಲಾದ್ರೂ ಸಿಕ್ತು ಬಿಡ್ರಿ.

ಹಿಂದಿನ ಸಾಲಿನ್ಯಾಗ ಕುಂತಿದ್ದ ಅಂಗನವಾಡಿ ಟೀಚರ್ ಒಬ್ರು ಮೆಲ್ಲಕ "ಸರ್, ಕೂಸು ಎಲ್ಲೈತ್ರಿ?" ಅಂದ್ರು. ಇಲಾಖೆ ಸಾಹೇಬ್ರು ಕನ್ನಡಕ ಏರಿಸಿಕೊಂಡು, "ಕಾಣವಲ್ದಲ್ಲ? ಅದೇ ಅಪೌಷ್ಟಿಕತೆ. ಏನ್ ತೋರ್ಸ್ಯಾನ್ರಿ ಕಲಾವಿದ!" ಹಸದ ಕೂಸನ್ನ ಗ್ವಾಡಿ ಮ್ಯಾಲೆ ಹುಡುಕೋದು ಸಸಾರ ನೋಡ್ರಿ, ಓಣಿಗೆ ಇಳಿಯೋದೇ ಬ್ಯಾಡ.

ಜಗಳ ಹತ್ತಿದ್ದು ಹಳದಿಗೆ. ಸಾಲಿ ಮಾಸ್ತರ್ ಒಬ್ರು ಅದು ತತ್ತಿ ಅಂದುಬಿಟ್ರು. 2021ರ ಡಿಸೆಂಬರ್‌ದಾಗ ನಮ್ಮ ಕಡೆ ಸಾಲಿ ಮಕ್ಕಳಿಗೆ ತತ್ತಿ ಕೊಡಾಕ ಶುರು ಮಾಡಿದಾಗ ಎಷ್ಟು ಗದ್ದಲ ಆಗಿತ್ತು ನೆನಪೈತಲ್ಲ, ಅಷ್ಟೂ ಗದ್ದಲ ಹಾಲ್ ಒಳಗ ಮತ್ತೊಮ್ಮೆ ಎದ್ದು ಕುಂತು. ಕಡಿಗೆ ಹಿರಿಯರೊಬ್ರು ರಾಜಿ ಮಾಡಿಸಿದ್ರು: ಅದು ಬಾಳಿಹಣ್ಣು, ತುದಿ ಕಡಿಂದ ನೋಡಿದ್ರ ದುಂಡಗೇ ಕಾಣ್ತೈತಿ.

ಅಷ್ಟರಾಗ ಕಾಲೇಜ್ ಲೆಕ್ಚರರ್ ಒಬ್ರು ಎದ್ದು, ಚಿತ್ರ ತಲಿಕೆಳಗ ಹಾಕ್ಯಾರ ಅಂದ್ರು. ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂದಾಗ 1961ರಾಗ ಹೆನ್ರಿ ಮತೀಸ್‌ನ ದೋಣಿ ಚಿತ್ರ 47 ದಿನ ಉಲ್ಟಾ ತೂಗಿತ್ತು, ಲಕ್ಷದ ಮ್ಯಾಲೆ ಮಂದಿ ನೋಡಿಕೊಂತ ಹ್ವಾದ ಮ್ಯಾಲೆ ಒಬ್ಬಾಕಿ ಹೆಣ್ಮಗಳು ಕಂಡುಹಿಡದ್ಲು, ಅದೇನು ಖರೇನ. ತಡ ಯಾಕ ಅಂತ ಇಬ್ರು ಸ್ಟೂಲ್ ಹತ್ತಿ ಇದನ್ನೂ ತಿರುವಿದ್ರು. ಹಳದಿ ಮ್ಯಾಲೆ ಹೋತು, ಬಿಸಿಲಾತು. ಬೂದಿ ಶಕ್ತಿನಗರದ ಕಲ್ಲಿದ್ದಲು ಕರೆಂಟ್ ಸ್ಥಾವರದ್ದಾತು. ನದಿ ಎರಡಕ್ಕ ಎರಡೇ ಉಳದ್ವು. ಲೀಡರ್ "ನಾ ಅಂದಿದ್ದೂ ಅದೇ" ಅಂದ್ರು, ಭಾಷಣದಾಗ ಒಂದಕ್ಷರ ಬದಲಿ ಮಾಡೋ ಪ್ರಸಂಗ ಬರಲಿಲ್ಲ. ಚಿತ್ರ ತಗದ ಹುಡುಗ ಬಾಗಿಲ ಹತ್ರ ನಿಂತು ಚಾ ಕುಡಿಯಾಕತ್ತಿದ್ದ, ಅವನ್ನ ಕೇಳೋ ವಿಚಾರ ಯಾರಿಗೂ ಬರಲಿಲ್ಲ, ಕೇಳಿದ್ರ ಕೆಲಸ ಕೆಡ್ತಿತ್ತು.

ಈಗ ಸಾಹೇಬ್ರು ಅದನ್ನ ಆಫೀಸಿಗೆ ಖರೀದಿ ಮಾಡಾಕ ಫೈಲ್ ಹಾಕ್ಯಾರ. ಫೈಲ್ ವಾಪಸ್ ಬಂದೈತಿ. ಆಡಿಟ್‌ನವರ ಆಕ್ಷೇಪಣೆ ಒಂದೇ ಸಾಲು: ಸದರಿ ಚಿತ್ರದಲ್ಲಿ ಮಗು ಕಂಡುಬಂದಿರುವುದಿಲ್ಲ, ತಾಯಿ ಕಾರ್ಡ್ ಲಗತ್ತಿಸಿ ಮರುಸಲ್ಲಿಸುವುದು.