ಡಬಲ್ ಸ್ಪೀಡಿನಲ್ಲಿ ಸತ್ತ ತಾಯಿ

ರಜೆಗೆ ಬಂದ ಅಕ್ಕನ ಮಗ ಸೋಫಾದಲ್ಲಿ ಅಡ್ಡಾಗಿ ಮೊಬೈಲಿನಲ್ಲಿ ಹಳೆ ಸಿನಿಮಾ ನೋಡುತ್ತಿದ್ದ. ಎಪಿಎಂಸಿಯಲ್ಲಿ ಈರುಳ್ಳಿ ಹರಾಜು ಕೂಗಿದ ಹಾಗೆ ದನಿ. ಬಗ್ಗಿ ನೋಡಿದರೆ ನಾಯಕನ ತಾಯಿ ಸಾಯುತ್ತಿದ್ದಾಳೆ! ಮಗನಿಗೆ ಬುದ್ಧಿ ಹೇಳಿ, ಮಗಳ ಮದುವೆ ಜವಾಬ್ದಾರಿ ಒಪ್ಪಿಸಿ, ಕೆಮ್ಮಿ, ಕಣ್ಣು ಮುಚ್ಚುವುದಕ್ಕೆ ಅರ್ಧ ನಿಮಿಷ ಕೂಡ ಹಿಡಿಯಲಿಲ್ಲ.

"ಏನೋ ಇದು?"

"ಡಬಲ್ ಸ್ಪೀಡ್ ಮಾವ. ಕಥೆ ಗೊತ್ತಾದ್ರೆ ಸಾಕಲ್ವಾ?"

ಸಾಕಂತೆ! ಆ ತಾಯಿ ಸತ್ತಾಗ ಇಡೀ ಟಾಕೀಸು ಮೂಗು ಸೀಟಿದ್ದು ನನಗಿನ್ನೂ ನೆನಪಿದೆ. ರೇಗಿಹೋಯಿತು. ಇವನಿಗೆ ರೇನೋ ಕಥೆ ಹೇಳಲೇಬೇಕು ಅನ್ನಿಸಿತು.

ಎಮಿಲ್ ರೇನೋ ಫ್ರಾನ್ಸಿನವನು. ತಿರುಗುವ ಡಬ್ಬಿಯೊಳಗೆ ಚಿತ್ರದ ಪಟ್ಟಿ, ನಡುವೆ ಕನ್ನಡಿ ಇಟ್ಟು, ಗೊಂಬೆ ಕುಣಿಯುವ ಆಟಿಕೆಯನ್ನು 1877ರಲ್ಲೇ ಮಾಡಿದ್ದ. ಪುಣ್ಯಾತ್ಮ ಅಲ್ಲಿಗೇ ನಿಲ್ಲಲಿಲ್ಲ. ಚಿತ್ರಗಳನ್ನು ಒಂದೊಂದಾಗಿ ಕೈಯಲ್ಲೇ ಬರೆದು, ಬಣ್ಣ ಹಚ್ಚಿ, ಉದ್ದನೆ ಪಟ್ಟಿಗೆ ಜೋಡಿಸಿದ. 1892ರ ಅಕ್ಟೋಬರ್ 28ರಂದು ಪ್ಯಾರಿಸ್ಸಿನ ಗ್ರೆವಾನ್ ಮೇಣದ ಗೊಂಬೆಗಳ ಮ್ಯೂಸಿಯಮ್ಮಿನಲ್ಲಿ ಅವನ್ನು ಪರದೆ ಮೇಲೆ ಬಿಟ್ಟು ತೋರಿಸುವ ಆಟ ಶುರು ಮಾಡಿದ. ಅದರಲ್ಲೊಂದು 'ಬಡಪಾಯಿ ಪಿಯೆರೊ', ಏಟು ತಿನ್ನುವ ಕೋಡಂಗಿಯ ಕಥೆ. ಚಿತ್ರಗಳು ಇದ್ದದ್ದು 500, ಆಟ ನಡೆಯುತ್ತಿದ್ದದ್ದು ಸುಮಾರು ಕಾಲು ಗಂಟೆ. ಲೆಕ್ಕ ಹಾಕಿ, ಸೆಕೆಂಡಿಗೆ ಒಂದು ಚಿತ್ರವೂ ಬೀಳುವುದಿಲ್ಲ! ಗುಟ್ಟು ಅವನ ಕೈಯಲ್ಲಿತ್ತು. ಪರದೆ ಹಿಂದೆ ನಿಂತು ಸುರುಳಿಗಳನ್ನು ತಾನೇ ತಿರುಗಿಸುತ್ತಿದ್ದ. ಮುಂದೆ ಬಿಟ್ಟು, ನಿಲ್ಲಿಸಿ, ಹಿಂದಕ್ಕೆ ಎಳೆದು, ಮತ್ತೆ ಮುಂದೆ ಬಿಡುತ್ತಿದ್ದ. ಆಚೆ ಕಡೆಯಿಂದ ನಗು ಕೇಳಿಸಿದಾಗ ಅದೇ ಏಟನ್ನು ಪಿಯೆರೊಗೆ ಇನ್ನೆರಡು ಸಲ ಕೊಡಿಸಿರುತ್ತಾನೆ. ನಾನಾಗಿದ್ದರೆ ಕೊಡಿಸುತ್ತಿದ್ದೆ.

ಮೂರೇ ವರ್ಷ. 1895ರ ಡಿಸೆಂಬರ್ 28ಕ್ಕೆ ಲೂಮಿಯೇರ್ ಅಣ್ಣತಮ್ಮಂದಿರು ಅದೇ ಊರಿನ ಗ್ರ್ಯಾಂಡ್ ಕೆಫೆಯಲ್ಲಿ ಒಂದು ಫ್ರಾಂಕ್ ಟಿಕೆಟ್ ಇಟ್ಟು ಕೂತರು. ಅವರ ಪೆಟ್ಟಿಗೆ ಫೋಟೋನೂ ತೆಗೆಯುತ್ತಿತ್ತು, ತೋರಿಸಲೂ ಬರುತ್ತಿತ್ತು. ಒಂದು ನಿಮಿಷವೂ ಓಡದ ತುಣುಕುಗಳು, ಆದರೂ 1896ರ ಜುಲೈಗೆಲ್ಲ ಮುಂಬೈ ತಲುಪಿಬಿಟ್ಟವು. ಸಿನಿಮಾ ಶುರು ಮಾಡಿದವರು ಯಾರು ಅಂದರೆ ಕ್ವಿಜ್ ಪುಸ್ತಕಗಳಲ್ಲೂ ಅವರದ್ದೇ ಹೆಸರು. ನನಗೆ ಅವರ ಮೇಲೆ ವಿನಾಕಾರಣ ಹೊಟ್ಟೆಯುರಿ. ಒಂದೊಂದು ಚಿತ್ರವನ್ನೂ ಕೂತು ಬರೆಯುವವನು ಆ ಪೆಟ್ಟಿಗೆಯ ಜೊತೆ ಎಲ್ಲಿಯವರೆಗೆ ಓಡಿಯಾನು? 1900ಕ್ಕೆ ರೇನೋ ಆಟ ನಿಂತಿತು. 1910ರ ಸುಮಾರಿಗೆ, ಅಷ್ಟು ವರ್ಷ ಬರೆದ ಪಟ್ಟಿಗಳಲ್ಲಿ ಬಹುಪಾಲನ್ನು ಹೊತ್ತುಕೊಂಡು ಹೋಗಿ ಸೀನ್ ನದಿಗೆ ಎಸೆದುಬಿಟ್ಟ.

ಇಷ್ಟು ಹೇಳಿ ಹುಡುಗನ ಮುಖ ನೋಡಿದೆ. ಕಣ್ಣೀರು ಬೇಡ, ಒಂದು ನಿಟ್ಟುಸಿರಾದರೂ ಬೇಡವೇ?

"ಅಂದ್ರೆ ಮಾವ, ಆ ತಾತನೂ ಪಾಸ್, ರಿವೈಂಡ್ ಎಲ್ಲ ಮಾಡ್ತಿದ್ದ ಅಲ್ವಾ?"

ಈ ಕಾಲದ ಮಕ್ಕಳಿಗೆ ಕಥೆ ಹೇಳಲೇಬಾರದು. "ಅವನು ತೋರಿಸೋನು ಕಣೋ, ನೀನು ನೋಡೋನು!" ಅಂದೆ. ಅದರಿಂದ ಏನು ವ್ಯತ್ಯಾಸ ಅಂತ ಕೇಳುತ್ತಾನೇನೋ ಎಂದು ಹೆದರಿದ್ದೆ, ಸದ್ಯ ಕೇಳಲಿಲ್ಲ.

"ಮೊದಲಿಂದ ಹಾಕು. ಮಾಮೂಲಿ ಸ್ಪೀಡಲ್ಲಿ."

"ಒಂದೂವರೆ?"

"ಆಗಲ್ಲ."

"ಒಂದೂಕಾಲು, ಲಾಸ್ಟ್."

ಸೊಪ್ಪಿನವಳ ಹತ್ತಿರ ಕೂಡ ನಾನು ಇಷ್ಟು ಚೌಕಾಸಿ ಮಾಡಿದವನಲ್ಲ. ಪಕ್ಕದಲ್ಲಿ ಕೂತೆ. ತಾಯಿ ಇನ್ನೊಂದು ಸಲ ಸತ್ತಳು. ಈ ಸಲ ಕೆಮ್ಮಾದರೂ ಸರಿಯಾಗಿ ಕೇಳಿಸಿತು.