ಆರತಿ ಎತ್ತಿದ ಮಾರ್ಟಿನಿ

ಇವತ್ತು ಮೆನುವಿನಲ್ಲಿ 'ಪಾನ್ ಮಾರ್ಟಿನಿ' ಕಂಡಿತು. ಸಾಕಪ್ಪಾ ಸಾಕು! ಲಿಚಿ, ಚಾಕೊಲೇಟ್, ಮಾವು ಎಲ್ಲ ಆಯ್ತು. ಬಿಸಿಬೇಳೆಬಾತ್ ಮಾರ್ಟಿನಿ ಒಂದು ಬಾಕಿ. ಉದ್ದ ಕಾಲಿನ ಗ್ಲಾಸಿಗೆ ಸುರಿದದ್ದೆಲ್ಲ ಮಾರ್ಟಿನಿ ಅನ್ನೋದಾದರೆ ಮಜ್ಜಿಗೆ ಏನು ಪಾಪ ಮಾಡಿತ್ತು?

ಅಸಲಿ ಮಾರ್ಟಿನಿ ಅನ್ನೋ ಕಾಕ್‌ಟೇಲ್‌ನಲ್ಲಿ ಇರೋದೇ ಎರಡು ಸಾಮಾನು. 60 ಮಿ.ಲೀ. ಜಿನ್, 10 ಮಿ.ಲೀ. ಡ್ರೈ ವರ್ಮೂತ್. ಅದರಲ್ಲೂ ಎರಡನೆಯದಕ್ಕೆ ಜಿಪುಣತನ! ಬಾಟಲಿಯನ್ನು ಗ್ಲಾಸಿನ ಮೇಲೆ ಆರತಿ ಎತ್ತಿದಂತೆ ಸುಳಿದಾಡಿಸಿ 'ಎಕ್ಸ್‌ಟ್ರಾ ಡ್ರೈ ಸಾರ್', ಅಂದರೆ ವರ್ಮೂತ್ ತೀರಾ ಕಮ್ಮಿ, ಅಂತಾರೆ. ತಣ್ಣಗಿನ ಜಿನ್ ಅಂತಲೇ ಮಾರಿ, ಯಾರು ಬೇಡ ಅಂದರು? ಧಾರಾಳವಾಗಿ ಹಾಕುವವರದ್ದಾದರೂ ನೆಟ್ಟಗಿದೆಯೇ? ವರ್ಮೂತ್ ಅಂದರೆ ವೈನ್ ಕಣ್ರೀ! ಮುಚ್ಚಳ ತೆಗೆದ ಮೇಲೆ ಫ್ರಿಜ್‌ನಲ್ಲಿಟ್ಟು ಒಂದೆರಡು ತಿಂಗಳಲ್ಲಿ ಮುಗಿಸಬೇಕು. ಇವರು ಬಾರ್‌ನ ಲೈಟಿನ ಬಿಸಿಗೆ ವರ್ಷಗಟ್ಟಲೆ ಒಡ್ಡಿ, ಗಾಳಿ ತಗುಲಿ ಕೆಟ್ಟಿದ್ದನ್ನು ಸುರಿದು, 'ಇದರ ರುಚಿಯೇ ಹೀಗೆ' ಅಂತ ನಮಗೇ ಪಾಠ ಮಾಡ್ತಾರೆ.

ಆಮೇಲೆ ಶೇಕರ್ ಕುಣಿತ. ಸಿನಿಮಾದ ಗೂಢಚಾರ ಜೇಮ್ಸ್ ಬಾಂಡ್ ಕೇಳಿದ ಅಂತ ಊರಿಗೆಲ್ಲ ಕುಲುಕಬೇಕೇ? ಕುಲುಕಿದರೆ ಗಾಳಿಗುಳ್ಳೆ ಸೇರಿ ಮಬ್ಬಾಗುತ್ತೆ, ಐಸ್ ಚೂರು ಹಲ್ಲಿಗೆ ಸಿಗುತ್ತೆ. ಇನ್ನೂ ಕರಗಲು ಶುರುವಾಗದ ದೊಡ್ಡ ಐಸ್ ತುಂಡು ಹಾಕಿ 30 ಸೆಕೆಂಡು ಚಮಚದಲ್ಲಿ ತಿರುವೋಕೆ ಕೈ ನೋಯುತ್ತಾ? ಬಕೆಟ್‌ನಲ್ಲಿ ಅರ್ಧ ಕರಗಿದ ಐಸ್ ಹಾಕಿದರೆ ಮೊದಲ ಗುಟುಕಿಗೇ ನೀರು. ಗ್ಲಾಸು ಬೇರೆ ಈಗಷ್ಟೇ ತೊಳೆದು ಬೆಚ್ಚಗಿರುತ್ತೆ!

ವೋಡ್ಕಾನೋ ಜಿನ್ನೋ ಅನ್ನೋ ಜಗಳ ಆಮೇಲೆ ಆಡೋಣ. ಮೊದಲು ಅಲಂಕಾರಕ್ಕೆ ಅಂತ ಗ್ಲಾಸಿಗೆ ಹಾಕಿದ ಆ ಪಿಜ್ಜಾ ಮೇಲಿನ ಆಲಿವ್ ತೆಗೀರಿ ಸ್ವಾಮಿ, ಎಣ್ಣೆ ತೇಲ್ತಿದೆ.