ಸತ್ಯಾಂಶ: ಹೊಟ್ಟೆನೋವಿಗೆ ಮನೆಯಲ್ಲೇ ಅಂಕ ಹಾಕಬಹುದೇ?

ಕೊಡಗಿನ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಓಡಾಡುತ್ತಿದೆ: "ಹೊಟ್ಟೆನೋವು ಬಂದರೆ ಅಲ್ವರಾಡೊ ಅಂಕ ಲೆಕ್ಕ ಹಾಕಿ. 7ಕ್ಕಿಂತ ಕಡಿಮೆಯಾದರೆ ಅಪೆಂಡಿಸೈಟಿಸ್ ಅಲ್ಲ, ಆಸ್ಪತ್ರೆ ಬೇಡ."

ಅಂಕಪಟ್ಟಿ ನಿಜವಾದದ್ದೇ. ಹೊಟ್ಟೆನೋವಿಗೆ ಅಪೆಂಡಿಸೈಟಿಸ್, ಅಂದರೆ ದೊಡ್ಡ ಕರುಳಿಗೆ ಅಂಟಿಕೊಂಡ ಅಪೆಂಡಿಕ್ಸ್ ಎಂಬ ಚಿಕ್ಕ ಭಾಗದ ಉರಿಯೂತ, ಕಾರಣವೇ ಎಂದು ಅಂದಾಜಿಸುವ ಪಟ್ಟಿ ಇದು. 1986ರಲ್ಲಿ ಬಂದದ್ದು, ವೈದ್ಯರು ಈಗಲೂ ಬಳಸುತ್ತಾರೆ. ತಪ್ಪಿರುವುದು ಲೆಕ್ಕದಲ್ಲಿ.

ಒಟ್ಟು 10 ಅಂಕ. ನೋವು ಹೊಕ್ಕುಳ ಸುತ್ತ ಶುರುವಾಗಿ ಬಲಗಡೆ ಕೆಳಹೊಟ್ಟೆಗೆ ಇಳಿದರೆ 1, ಊಟ ಬೇಡವೆನಿಸಿದರೆ 1, ವಾಕರಿಕೆ ಅಥವಾ ವಾಂತಿಗೆ 1. ಆ ಜಾಗ ಒತ್ತಿದಾಗ ನೋವಾದರೆ 2, ಒತ್ತಿದ ಕೈ ತಟ್ಟನೆ ತೆಗೆದಾಗ ನೋವಾದರೆ 1, ಜ್ವರಕ್ಕೆ 1. ಉಳಿದ 3 ಅಂಕ ರಕ್ತಪರೀಕ್ಷೆಯದು: ಬಿಳಿ ರಕ್ತಕಣ ಜಾಸ್ತಿಯಿದ್ದರೆ 2, ಅವುಗಳಲ್ಲಿ ನ್ಯೂಟ್ರೋಫಿಲ್ ಪಾಲು ಹೆಚ್ಚಿದ್ದರೆ 1. ಅಂದರೆ ಮನೆಯಲ್ಲಿ ಸಿಗುವುದು ಹೆಚ್ಚೆಂದರೆ 7. ಜ್ವರ ಒಂದು ಇಲ್ಲದಿದ್ದರೂ 6ಕ್ಕೆ ಇಳಿಯುತ್ತದೆ. ಸಂದೇಶದ ಪ್ರಕಾರ ರೋಗಿ ಆರಾಮ! ಇದೆಂಥಾ ಲೆಕ್ಕ, ಅಲ್ವಾ?

ವೈದ್ಯರಿಗೆ 5 ಅಥವಾ 6 ಬಂದರೆ ಅನುಮಾನ ಇದೆ ಎಂದರ್ಥ. ಅವರು ಸುಮ್ನೆ ಮನೆಗೆ ಕಳಿಸುವುದಿಲ್ಲ. ನಿಗಾ ಇಡುತ್ತಾರೆ, ಸ್ಕ್ಯಾನ್ ಮಾಡಿಸುತ್ತಾರೆ. ಚಿಕ್ಕ ಮಕ್ಕಳು, ವಯಸ್ಸಾದವರು, ಗರ್ಭಿಣಿಯರಲ್ಲಿ ಈ ಅಂಕವನ್ನು ಅಷ್ಟು ನೆಚ್ಚಲಾಗುವುದಿಲ್ಲ. ಹೆಂಗಸರಲ್ಲಿ ಅಂಡಾಶಯದ ತೊಂದರೆಯಿಂದಲೂ ಅಂಕ ಏರಬಹುದು.

ಮಳೆಗಾಲದಲ್ಲಿ ಒಳಗಿನ ತೋಟದ ಲೈನ್‌ಮನೆಯಿಂದ ಮಡಿಕೇರಿ ಮುಟ್ಟುವುದಕ್ಕೇ ಹೊತ್ತು ಹಿಡಿಯುತ್ತದೆ. ನೋವು ಬಲಗಡೆ ನಿಂತು ಏರುತ್ತಿದ್ದರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ. ಭೇದಿ ಮಾಡಿಸುವ ಮಾತ್ರೆ ಕೊಡಬೇಡಿ. ಜೋರು ನೋವು ಇದ್ದಕ್ಕಿದ್ದಂತೆ ಇಳಿದರೂ ಹೊರಡಿ. ಅಪೆಂಡಿಕ್ಸ್ ಒಡೆದಾಗಲೂ ಹಾಗಾಗುವುದುಂಟು.